ಐದರಿಂದ ಭಾಗವಾಗದ ಮಿನಿಟುಗಳು

ಬೆಳಿಗ್ಗೆ ಆರೂಮುಕ್ಕಾಲಿಗೆ ಮತ್ತಿಕೆರೆಯ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಒಮ್ಮೆ ಎಳೆದು ನೋಡುತ್ತಿದ್ದೆ. ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು, ಇನ್ನೊಮ್ಮೆ ಎಳೆದು ನೋಡುತ್ತಿದ್ದೆ. ಮನೆಯ ಮಾಲೀಕರ ಹೆಂಡತಿ ರಂಗೋಲಿ ಹಾಕುತ್ತಾ ಬಗ್ಗಿದಲ್ಲಿಂದಲೇ, "ಬಿದ್ದೈತೆ ಹೋಗಮ್ಮ, ನಾನ್ ನೋಡ್ದೆ" ಅನ್ನುತ್ತಿದ್ದರು. ಅವರು ನೋಡಿದ್ದರಿಂದ ನನಗೆ ಸಮಾಧಾನವಾಗುತ್ತಿರಲಿಲ್ಲ. ಧಾರವಾಡದ ಕಡೆಯಿಂದ ಬಂದವಳು ನಾನು. ಹುಡುಗಿಯರ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ದೀಪ ಆರಿಸಿ ಬೆಳೆದವಳು. ಯಾವುದೇ ಕೆಲಸ ಎರಡು ಸಲ ನೋಡಿದ ಮೇಲೆ ಮುಗಿಯಿತು ಎಂಬುದು ನನ್ನ ಲೆಕ್ಕ.

ನೌಕರಿಯೂ ಅದೇ ಬಗೆಯದು ಸಿಕ್ಕಿತು. ಎಪ್ಪತ್ತರ ದಶಕದಲ್ಲಿ ಯಶವಂತಪುರದ ಆಚೆ ಒಂದು ಯಂತ್ರಭಾಗಗಳ ಕಾರ್ಖಾನೆಯಲ್ಲಿ ನಾನು ಇನ್‌ಸ್ಪೆಕ್ಟರ್ ಆಗಿದ್ದೆ. ಕೆಳಗೆ ಟೂಲ್‌ರೂಮಿನವರು ತಯಾರಿಸಿದ ಜಾಬುಗಳು, ಅಂದರೆ ಉಕ್ಕಿನ ಬಿಡಿಭಾಗಗಳು, ನಮ್ಮ ಕಿಟಕಿಗೆ ಬರುತ್ತಿದ್ದವು. ನಾವು ಅಳೆದು, ಸರಿ ಇದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸಿ ವಾಪಸ್ ಕೊಡುತ್ತಿದ್ದೆವು. ನಮ್ಮ ಕೋಣೆ ವರ್ಷವಿಡೀ ಇಪ್ಪತ್ತು ಡಿಗ್ರಿ ತಂಪಿನಲ್ಲಿರಬೇಕು. ಏಪ್ರಿಲ್ ತಿಂಗಳಲ್ಲೂ ಸೀರೆಯ ಮೇಲೆ ಸ್ವೆಟರು, ಅದರ ಮೇಲೆ ನೀಲಿ ಕೋಟು. ಕ್ಯಾಂಟೀನಿನಲ್ಲಿ ನನ್ನನ್ನು 'ಊಟಿ ಮೇಡಂ' ಅನ್ನುತ್ತಿದ್ದರು ಎಂದು ಆಮೇಲೆ ತಿಳಿಯಿತು.

ನನ್ನ ಪಾಲಿಗೆ ಬಂದದ್ದು ಕೋನಗಳು. ಶಾಲೆಯಲ್ಲಿ ನಮಗೆ ಕಲಿಸಿದ್ದು, ಕೋನ ಕೊಟ್ಟರೆ ಅದರ ಸೈನ್ ಎಷ್ಟು, ಟ್ಯಾನ್ ಎಷ್ಟು ಎಂದು. ಕಾರ್ಖಾನೆಯಲ್ಲಿ ಬೇಕಾದದ್ದು ಅದರ ತಿರುವುಮುರುವು. ಕೈಯಲ್ಲಿ ಜಾಬು ಇದೆ, ಉದ್ದ ಎತ್ತರ ಅಳೆಯಬಹುದು, ಕೋನ ಎಷ್ಟೆಂದು ಗೊತ್ತಿಲ್ಲ. ಅದಕ್ಕೆ ಸೈನ್ ಬಾರ್ ಎಂಬ ಸಲಕರಣೆ. ಒಂದು ಉಕ್ಕಿನ ಪಟ್ಟಿ, ಎರಡು ತುದಿಗಳ ಕೆಳಗೆ ಒಂದೊಂದು ಉರುಳೆ, ಉರುಳೆಗಳ ನಡುವೆ ಸರಿಯಾಗಿ ನೂರು ಮಿಲಿಮೀಟರ್. ಒಂದು ಉರುಳೆಯನ್ನು ಮೇಜಿನ ಮೇಲೆ ಬಿಟ್ಟು, ಇನ್ನೊಂದರ ಕೆಳಗೆ ಅಳತೆಯ ಉಕ್ಕಿನ ತುಂಡುಗಳನ್ನು ಪೇರಿಸಬೇಕು. ಓರೆಯಾದ ಪಟ್ಟಿಯ ಮೇಲೆ ಇಟ್ಟ ಜಾಬಿನ ಮೇಲ್ಮೈ ಮೇಜಿಗೆ ಸಮನಾದಾಗ ನಿಲ್ಲಿಸಬೇಕು. ಪೇರಿಕೆ 25.88 ಮಿಲಿಮೀಟರ್ ಆಯಿತು ಅನ್ನಿ. ನೂರರಿಂದ ಭಾಗಿಸಿದರೆ .2588. ಲಾಗ್ ಪುಸ್ತಕ ತೆಗೆದು, ಸೈನ್ ಕೋಷ್ಟಕದ ಒಳಗೆ 2588 ಎಲ್ಲಿ ಅಡಗಿದೆ ಹುಡುಕಿ, ಅಲ್ಲಿಂದ ಬೆರಳನ್ನು ಎಡಕ್ಕೆ ಜಾರಿಸಿ ಅಂಚಿಗೆ ಬಂದರೆ ಹದಿನೈದು ಡಿಗ್ರಿ. ಎಲ್ಲರೂ ಅಂಚಿನಿಂದ ಒಳಗೆ ಹೋಗುವ ಪುಸ್ತಕದಲ್ಲಿ ನಾವು ಒಳಗಿನಿಂದ ಅಂಚಿಗೆ ಬರುತ್ತಿದ್ದೆವು. ಮುಂದೆ ಎಂಬತ್ತರ ದಶಕದಲ್ಲಿ, ಒಂದೇ ಗುಂಡಿ ಒತ್ತಿದರೆ ಕೋನ ಹೇಳುವ ಕ್ಯಾಲ್ಕುಲೇಟರ್ ಬಂತು. ಅದು ಹೇಳಿದ್ದನ್ನು ನಾನು ಲಾಗ್ ಪುಸ್ತಕದಲ್ಲಿ ನೋಡಿ ಖಚಿತ ಮಾಡಿಕೊಳ್ಳುತ್ತಿದ್ದೆ. ನಗುವವರು ನಗಲಿ.

ಪ್ರತಿ ಜಾಬನ್ನೂ ಇಬ್ಬರು ಬೇರೆಬೇರೆಯಾಗಿ ಅಳೆಯಬೇಕು, ಒಬ್ಬರ ಅಂಕಿ ಇನ್ನೊಬ್ಬರಿಗೆ ಕಾಣಬಾರದು, ಇದು ನಿಯಮ. ಎರಡನೆಯವರು ನನಗಿಂತ ಹತ್ತು ವರ್ಷ ಹಿರಿಯರು. ಹುಟ್ಟೂರು ಯಲಹಂಕ, ಸಂಸಾರ ಆರ್.ಟಿ. ನಗರದಲ್ಲಿ, ಬರುವುದು ಸೈಕಲ್ಲಿನಲ್ಲಿ. ಬಾಯಿ ಸುಮ್ಮನಿರುತ್ತಿರಲಿಲ್ಲ.

"ಏನಮ್ಮಾ, ನಾಳೆ ಗಂಡು ನೋಡೋಕ್ ಬಂದ್ರೆ ಅವನನ್ನೂ ಸೈನ್ ಬಾರ್ ಮೇಲೆ ಇಡ್ತೀರಾ?"

"ಎರಡು ಸಲ ಇಡ್ತೀನ್ರೀ" ಎಂದಿದ್ದೆ. ಮದುವೆ ಆಮೇಲೂ ಆಗಲಿಲ್ಲ, ಅದು ಬೇರೆ ಮಾತು.

ಒಂದು ಮಳೆಗಾಲದಲ್ಲಿ ಟೂಲ್‌ರೂಮಿಗೆ ಹೊಸ ಫಿಟ್ಟರ್ ಬಂದ. ಹೊಸಬ ಅಂದರೆ ಆ ವಿಭಾಗಕ್ಕೆ. ಯಲಹಂಕದ ಪಕ್ಕದ ಕೋಗಿಲು ಹಳ್ಳಿಯ ಬೇಸಾಯದ ಮನೆಯವನು. ಬೆಳಿಗ್ಗೆ ದನದ ಕೆಲಸ ಮುಗಿಸಿ ಯಲಹಂಕಕ್ಕೆ ಸೈಕಲ್ಲು, ಅಲ್ಲಿಂದ ಯಶವಂತಪುರಕ್ಕೆ ರೈಲು. ಆರು ವರ್ಷ ಟೆಂಪರರಿಯಾಗಿಯೇ ದುಡಿದಿದ್ದ. ಈಗ ಆರು ತಿಂಗಳ ಪರೀಕ್ಷೆಗೆ ಟೂಲ್‌ರೂಮಿಗೆ ಹಾಕಿದ್ದರು. ಪಾಸಾದರೆ ಪರ್ಮನೆಂಟ್. ಮೂರು ಜಾಬಿಗೆ ಕೆಂಪು ಚೀಟಿ ಬಿದ್ದರೆ ಮನೆಗೆ. ಆ ವರ್ಷ ತಪ್ಪಿದರೆ ವಯಸ್ಸು ಮೀರುತ್ತಿತ್ತು, ಮತ್ತೊಂದು ಅವಕಾಶವಿಲ್ಲ. ಇದು ಇಡೀ ಶೆಡ್ಡಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು.

ಮೊದಲ ಎರಡು ತಿಂಗಳು ಆತನ ಜಾಬುಗಳೆಲ್ಲ ಸಣ್ಣ ಕೋನದವು. ಐದು ಡಿಗ್ರಿ, ಏಳೂವರೆ ಡಿಗ್ರಿ, ಎಂಟು. ಎಲ್ಲಕ್ಕೂ ಹಸಿರು ಚೀಟಿ. ನನಗೆ ಕಸಿವಿಸಿಯಾದದ್ದು ಅವುಗಳ ಜೊತೆ ಬಂದ ಜಾಬ್ ಕಾರ್ಡಿನಿಂದ. ಕೆಲಸಗಾರ ತಾನೇ ಅಳೆದ ಕೋನವನ್ನು ಕಾರ್ಡಿನಲ್ಲಿ ಬರೆದು ಕಳಿಸಬೇಕು. ಅವರಿಗೆ ಟೂಲ್ ಸ್ಟೋರ್ಸಿನಲ್ಲಿ ಪ್ರೊಟ್ರಾಕ್ಟರ್ ಕೊಡುತ್ತಿದ್ದರು. ಅದರಲ್ಲಿ ಐದು ಮಿನಿಟಿಗಿಂತ ಕಡಿಮೆ ಓದಲು ಬರುವುದಿಲ್ಲ. (ಅರವತ್ತು ಮಿನಿಟಿಗೆ ಒಂದು ಡಿಗ್ರಿ.) ಹಾಗಾಗಿ ಎಲ್ಲರ ಕಾರ್ಡಿನಲ್ಲೂ ಸೊನ್ನೆ, ಐದು, ಹತ್ತು, ಹದಿನೈದು. ಈತನ ಕಾರ್ಡಿನಲ್ಲಿ ಏಳು ಡಿಗ್ರಿ ಇಪ್ಪತ್ತೊಂಬತ್ತು ಮಿನಿಟು. ಐದು ಡಿಗ್ರಿ ಒಂದು ಮಿನಿಟು. ನಮ್ಮ ಸೈನ್ ಬಾರ್ ಹೇಳಿದ್ದೂ ಅದನ್ನೇ.

ಕಿಟಕಿಗೆ ಬಂದಾಗ ಕೇಳಿದೆ. "ಈ ಇಪ್ಪತ್ತೊಂಬತ್ತು ಎಲ್ಲಿಂದ ಬಂತು?"

"ಅಳ್ದೆ ಮೇಡಂ."

"ಯಾವುದರಲ್ಲಿ ಅಳೆದ್ರಿ?"

"ಯಾವುದ್ರಾಗೋ ಅಳ್ದೆ. ಸರಿಯಾಗೈತೋ ಇಲ್ವೋ, ಅದ್ನ ಯೋಳಿ."

"ಸರಿ ಇದೆ. ಅದಕ್ಕೇ ಕೇಳ್ತಿದೀನಿ."

"ಸರಿ ಇದ್ರೂ ತೆಪ್ಪಾ ಮೇಡಂ?" ಎಂದು ನಕ್ಕು, ಹಸಿರು ಚೀಟಿಯ ಜಾಬು ಹೊತ್ತುಕೊಂಡು ಹೋದ.

ಆ ನಗು ನನಗೆ ಹಿಡಿಸಲಿಲ್ಲ. ಊಟದ ಬಿಡುವಿನಲ್ಲಿ ಟೂಲ್ ಸ್ಟೋರ್ಸಿಗೆ ಹೋದೆ. ಅಲ್ಲಿ ಪ್ರತಿ ಕೆಲಸಗಾರನಿಗೂ ಅವನ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳಿರುತ್ತಿದ್ದವು. ಬಿಲ್ಲೆ ಕೊಟ್ಟು ಸಲಕರಣೆ ತೆಗೆದುಕೊಳ್ಳಬೇಕು, ರಿಜಿಸ್ಟರಿನಲ್ಲಿ ಬರೆಸಬೇಕು. ಎರಡು ತಿಂಗಳ ರಿಜಿಸ್ಟರು ನಿಂತುಕೊಂಡೇ ನೋಡಿದೆ. ಆತ ಪ್ರೊಟ್ರಾಕ್ಟರನ್ನು ಒಂದು ಸಲವೂ ತೆಗೆದುಕೊಂಡಿರಲಿಲ್ಲ.

ಕೋನ ಅಳೆಯುವ ಸಲಕರಣೆ ಮುಟ್ಟದೆ, ಆ ಸಲಕರಣೆ ಹೇಳಲಾಗದಷ್ಟು ನಿಖರವಾದ ಕೋನ ಬರೆಯುವವನು ಅದನ್ನು ಎಲ್ಲಿಂದ ತಂದ? ಅಷ್ಟು ನಿಖರವಾದ ಅಂಕಿ ಇಡೀ ಕಾರ್ಖಾನೆಯಲ್ಲಿ ಸಿಗುವುದು ನಮ್ಮ ಕೋಣೆಯಲ್ಲಿ ಮಾತ್ರ. ನಮ್ಮ ಕೋಣೆಯಿಂದ ಅಂಕಿ ಹೊರಗೆ ಹೋಗಬೇಕಾದರೆ ದಾರಿ ಎರಡೇ. ಒಂದು ನಾನು. ಇನ್ನೊಂದು ನನ್ನ ಜೊತೆಯವರು. ಅವರ ತಾಯಿಯ ಮನೆ ಯಲಹಂಕದ ಹಳೇ ಊರಿನಲ್ಲಿತ್ತು. ಫಿಟ್ಟರನ ಜೊತೆ ಕ್ಯಾಂಟೀನಿನಲ್ಲಿ ಒಂದೇ ಬೆಂಚಿನಲ್ಲಿ ಕೂತು ಮುದ್ದೆ ಮುರಿಯುವುದನ್ನು ನಾನೇ ಕಂಡಿದ್ದೆ. ಕಾರ್ಡು ಅಳತೆ ಮುಗಿಯುವವರೆಗೆ ತೆರೆದ ತಟ್ಟೆಯಲ್ಲಿ ಬಿದ್ದಿರುತ್ತಿತ್ತು. ಅಳೆದ ಮೇಲೆ ನಮ್ಮ ಅಂಕಿಯನ್ನೇ ಅದರಲ್ಲಿ ತುಂಬಿಬಿಡುವುದು ಎಷ್ಟು ಹೊತ್ತಿನ ಕೆಲಸ?

ಅಂದಿನಿಂದ ಆತನ ಜಾಬು ಬಂದ ಕೂಡಲೆ ಕಾರ್ಡನ್ನು ಕವರಿಗೆ ಹಾಕಿ, ಗೋಂದು ಹಚ್ಚಿ, ಅಂಟಿಸಿದ ಗೆರೆಯ ಮೇಲೆ ಸಹಿ ಮಾಡಿ ನನ್ನ ಡ್ರಾಯರಿನಲ್ಲಿಟ್ಟು ಬೀಗ ಹಾಕತೊಡಗಿದೆ.

ಜೊತೆಯವರು ಎರಡು ದಿನ ನೋಡಿದರು. ಮೂರನೆಯ ದಿನ, "ಇದೇನಮ್ಮಾ, ಎಲೆಕ್ಷನ್ನಾ?" ಅಂದರು.

"ಹೊಸ ಪದ್ಧತಿ."

"ಯಾರು ಮಾಡಿದ್ದು?"

"ನಾನು."

ಅವರು ಹುಬ್ಬೇರಿಸಿ ಸುಮ್ಮನಾದರು. ಸುಮ್ಮನಾದದ್ದೂ ನನಗೆ ಅನುಮಾನಕ್ಕೆ ಕಾರಣವಾಯಿತು. ಆದರೆ ಕವರು ಒಡೆದಾಗ ಕಾರ್ಡಿನಲ್ಲಿ ಐದು ಡಿಗ್ರಿ ನಲವತ್ತೇಳು, ನಮ್ಮಿಬ್ಬರ ಚೀಟಿಯಲ್ಲೂ ಐದು ಡಿಗ್ರಿ ನಲವತ್ತೇಳು. ಮುಂದಿನದೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ. ಅಂದರೆ ನಮ್ಮ ಕೋಣೆಗೆ ಬರುವ ಮೊದಲೇ ಆತನಿಗೆ ಕೋನ ಗೊತ್ತಿತ್ತು. ಹದಿನೆಂಟು ದಿನ ಕವರು ಅಂಟಿಸಿ ಬಿಟ್ಟುಬಿಟ್ಟೆ. ಅನುಮಾನ ಬಿಡಲಿಲ್ಲ. ಅದಕ್ಕೆ ಬೇರೆ ಜಾಗ ಹುಡುಕುತ್ತಿದ್ದೆ.

ಆ ಹೊತ್ತಿಗೆ ದೊಡ್ಡ ಕೋನದ ಕೆಲಸ ಬಂತು. ಹನ್ನೆರಡು ಡಿಗ್ರಿಯ ಜಾಬು, ಐದು ಮಿನಿಟು ಹೆಚ್ಚುಕಡಿಮೆಯಾದರೆ ಪರವಾಗಿಲ್ಲ. ಕಾರ್ಡಿನಲ್ಲಿ ಸರಿಯಾಗಿ ಹನ್ನೆರಡು ಎಂದು ಬರೆದಿದ್ದ. ಸೈನ್ ಬಾರ್ ಹನ್ನೊಂದು ಡಿಗ್ರಿ ಐವತ್ಮೂರು ಮಿನಿಟು ಹೇಳಿತು. ಏಳು ಮಿನಿಟು ಕಡಿಮೆ. ಮೊದಲ ಕೆಂಪು ಚೀಟಿ. ಮುಂದಿನ ವಾರ ಹದಿನೈದು ಡಿಗ್ರಿಯದು. ಪೇರಿಕೆ 25.88 ಬರಬೇಕಾದಲ್ಲಿ 25.46 ಬಂತು. ಹದಿನಾಲ್ಕು ಡಿಗ್ರಿ ನಲವತ್ತೈದು. ಹದಿನೈದು ಮಿನಿಟು ಕಡಿಮೆ. ಎರಡನೆಯ ಕೆಂಪು ಚೀಟಿ.

ಈ ಸಲ ಆತ ನಗಲಿಲ್ಲ. "ಅದಿನೈದೇ ಐತೆ ಮೇಡಂ. ಇನ್ನೊಂದ್ಕಿತ ನೋಡಿ."

"ಇಬ್ಬರೂ ನೋಡಿದ್ದೀವಿ."

"ನಿಮ್ ಬಾರ್ ಸರಿಯಾಗೈತಾ? ಅದ್ನ ಯಾರ್ ಅಳೀತಾರೆ?"

ಹಿಂದೆ ಸಾಲಿನಲ್ಲಿ ನಿಂತವನೊಬ್ಬ, "ಗುರೂ, ಊಟಿ ಮೇಡಂಗೇ ಕೇಳ್ತೀಯಲ್ಲೋ!" ಎಂದ. ನಕ್ಕರು. ನನಗೆ ಕಿವಿ ಬಿಸಿಯಾಯಿತು. ಹಾಗೆ ಯಾರೂ ಕೇಳಿರಲಿಲ್ಲ. ಕಿಟಕಿ ಮುಚ್ಚಿದ ಮೇಲೆ ಅಂದು ಸಂಜೆ ನಿಂತು ಸೈನ್ ಬಾರನ್ನು ಪರೀಕ್ಷಿಸಿದೆ. ಅದು ಸರಿಯಾಗಿತ್ತು. ಸರಿಯಾಗಿದ್ದದ್ದು ನೋಡಿ ಖುಷಿಯಾಯಿತು, ಅದನ್ನೂ ಬರೆಯಬೇಕು.

ಟೂಲ್‌ರೂಮಿನ ಫೋರ್‌ಮನ್ ನನ್ನನ್ನು ಕರೆಸಿದರು. ದಪ್ಪ ಕನ್ನಡಕದ, ನಿಧಾನ ಮಾತಿನ ಮನುಷ್ಯ. "ಏಳು ಡಿಗ್ರಿನ ಮಿನಿಟು ತಪ್ಪದೆ ಮಾಡೋ ಕೈ, ಹದಿನೈದರಲ್ಲಿ ಹದಿನೈದು ಮಿನಿಟು ತಪ್ಪುತ್ತಾ? ನೀವೇ ಹೇಳಿ ಮೇಡಂ."

"ತಪ್ಪೋದಿಲ್ಲ."

"ಹಂಗಾದ್ರೆ?"

"ಮೊದಲಿನವನ್ನು ಈ ಕೈ ಮಾಡಿಲ್ಲ."

"ಬರೆದು ಕೊಡ್ತೀರಾ?"

ಬರೆದು ಕೊಟ್ಟೆ. ಅರ್ಧ ಪುಟ. ಕಾರ್ಡಿನ ಅಂಕಿಗಳು ಐದರಿಂದ ಭಾಗವಾಗುವುದಿಲ್ಲ, ಪ್ರೊಟ್ರಾಕ್ಟರ್ ಪಡೆದ ದಾಖಲೆ ಇಲ್ಲ, ಹಿಂದಿನ ಜಾಬುಗಳನ್ನು ಬೇರೆ ಯಾರೋ ತಯಾರಿಸಿ ಅಳೆದು ಕೊಟ್ಟಿರುವ ಸಂಭವವಿದೆ, ಎಂದು. ನನ್ನ ಅಕ್ಷರ ಒಳ್ಳೆಯದು. ಟೈಪು ಮಾಡಿಸುವ ಅಗತ್ಯವಿಲ್ಲ ಎಂದು ಫೋರ್‌ಮನ್ ಹಾಗೆಯೇ ಫೈಲಿಗೆ ಸೇರಿಸಿದರು.

ಮೂರನೆಯದು ಇಪ್ಪತ್ತು ಡಿಗ್ರಿಯ ಜಾಬು. ಹತ್ತೊಂಬತ್ತು ಡಿಗ್ರಿ ಇಪ್ಪತ್ತು ಮಿನಿಟು ಬಂತು. ನಲವತ್ತು ಮಿನಿಟು ಕಡಿಮೆ. ಕೆಂಪು ಚೀಟಿ ಅಂಟಿಸಿದೆ. ಸೋಮವಾರ ಆತನನ್ನು ತೆಗೆಯುವ ಕಾಗದ ಹೊರಡಬೇಕು. ಅದಕ್ಕೆ ಲಗತ್ತಿಸಲು ಮೂರೂ ಜಾಬುಗಳ ಪಟ್ಟಿ ಶನಿವಾರ ಮಧ್ಯಾಹ್ನದೊಳಗೆ ಕೊಡಿ ಎಂದರು ಫೋರ್‌ಮನ್.

ಶನಿವಾರ ಬೆಳಿಗ್ಗೆ ಸ್ಕೇಲು ಇಟ್ಟು ಮನೆಗಳನ್ನು ಎಳೆದು ಅಂಕಿ ತುಂಬಿದೆ. ಹನ್ನೆರಡಕ್ಕೆ ಏಳು ಕಡಿಮೆ. ಹದಿನೈದಕ್ಕೆ ಹದಿನೈದು ಕಡಿಮೆ. ಇಪ್ಪತ್ತಕ್ಕೆ ನಲವತ್ತು ಕಡಿಮೆ. ಒಂದರ ಕೆಳಗೊಂದು ಬರೆದ ಮೇಲೆ ಪೆನ್ನು ನಿಂತಿತು.

ಕೈ ಕೆಟ್ಟವನು ಒಮ್ಮೆ ಹೆಚ್ಚು ಮಾಡುತ್ತಾನೆ, ಒಮ್ಮೆ ಕಡಿಮೆ ಮಾಡುತ್ತಾನೆ. ಇವು ಮೂರೂ ಕಡಿಮೆ. ಸಲಕರಣೆ ಕೆಟ್ಟಿದ್ದರೆ ಎಲ್ಲದರಲ್ಲೂ ಒಂದೇ ತಪ್ಪು ಬರಬೇಕು. ಇವು ಬೆಳೆಯುತ್ತಿವೆ. ಬೇಕೆಂದೇ ಕೆಡಿಸುವವನಿಗೆ ಇಷ್ಟು ಶಿಸ್ತು ಯಾಕೆ? ಯಾವುದೋ ಒಂದು ಲೆಕ್ಕದಂತೆ ತಪ್ಪುತ್ತಿದ್ದಾನೆ. ಯಾವ ಲೆಕ್ಕ?

ಆತ ಬರೆದ ಡಿಗ್ರಿಯನ್ನು, ನಾವು ಕಂಡ ಕೋನದ ಸೈನಿನಿಂದ ಭಾಗಿಸಿ ನೋಡಿದೆ. ಐವತ್ತೆಂಟು, ಐವತ್ತೊಂಬತ್ತು, ಅರವತ್ತು. ಏನೂ ಹೊಂದಲಿಲ್ಲ. ಪುಟ ತಿರುವಿ ಟ್ಯಾನಿನ ಕೋಷ್ಟಕಕ್ಕೆ ಹೋದೆ. ಹನ್ನೊಂದು ಐವತ್ಮೂರರ ಟ್ಯಾನ್ .2104. ಹನ್ನೆರಡನ್ನು ಅದರಿಂದ ಭಾಗಿಸಿದರೆ ಐವತ್ತೇಳು. ಹದಿನಾಲ್ಕು ನಲವತ್ತೈದರದು .2633. ಹದಿನೈದನ್ನು ಭಾಗಿಸಿದರೆ ಐವತ್ತೇಳು. ಹತ್ತೊಂಬತ್ತು ಇಪ್ಪತ್ತರದು .3508. ಮತ್ತೆ ಐವತ್ತೇಳು. ದಶಮಾಂಶದಾಚೆ ಮಾತ್ರ ಕೂದಲೆಳೆಯ ಹೆಚ್ಚುಕಡಿಮೆ. ಹಸಿರು ಚೀಟಿ ಪಡೆದ ಏಳು ಇಪ್ಪತ್ತೊಂಬತ್ತನ್ನೂ ನೋಡಿದೆ. ಅದರಲ್ಲೂ ಐವತ್ತೇಳು.

ಪಾಸಾದ ಜಾಬುಗಳನ್ನೂ ಫೇಲಾದ ಜಾಬುಗಳನ್ನೂ ಮಾಡಿದ್ದು ಒಂದೇ ಕೈ. ನಾನು ಬರೆದು ಕೊಟ್ಟಿದ್ದು ಸುಳ್ಳು.

ಎದ್ದು ಟೂಲ್‌ರೂಮಿಗೆ ಇಳಿದೆ. ಆತ ಬೆಂಚಿನಲ್ಲಿರಲಿಲ್ಲ. ಪಕ್ಕದಲ್ಲಿ ಗುರುತು ಹಾಕುವ ಉದ್ದನೆಯ ಕಬ್ಬಿಣದ ಮೇಜಿತ್ತು. ಅದರ ಅಂಚಿನಲ್ಲಿ ಎಣ್ಣೆಯ ಜಿಡ್ಡಿನ ಕೆಳಗೆ ಎರಡು ಸಣ್ಣ ಗೀರುಗಳು. ಅಲ್ಲೇ ಬಿದ್ದಿದ್ದ ಹತ್ತಿನೂಲಿನ ಉಂಡೆಯಿಂದ ಒರೆಸಿ, ನನ್ನ ಟೇಪಿನಿಂದ ಅಳೆದೆ. ಐವತ್ತೇಳು ಇಂಚು.

"ಕಂಡಿಡ್ದ್‌ಬುಟ್ರಾ ಮೇಡಂ?" ಆತ ಹಿಂದೆ ನಿಂತಿದ್ದ. ಕೈಯಲ್ಲಿ ಚಹಾದ ಲೋಟ.

"ಇದೇನು, ತೋರಿಸಿ."

ಆತ ತೋರಿಸಿದ. ಜಾಬಿನ ಓರೆ ಮುಖದ ಮೇಲೆ ಉದ್ದನೆಯ ಉಕ್ಕಿನ ಪಟ್ಟಿ ಇಟ್ಟು, ಒಂದು ಗೀರಿನ ಹತ್ತಿರ ಪಟ್ಟಿ ಮೇಜಿನಿಂದ ಎಷ್ಟು ಎತ್ತರದಲ್ಲಿದೆ, ಇನ್ನೊಂದು ಗೀರಿನ ಹತ್ತಿರ ಎಷ್ಟು ಎಂದು ಸ್ಕೇಲಿನಲ್ಲಿ ಅಳೆದು ಕಳೆಯುತ್ತಿದ್ದ. ವ್ಯತ್ಯಾಸ ಏಳು ಇಂಚಾದರೆ ಏಳು ಡಿಗ್ರಿ. ಸ್ಕೇಲಿನ ಅತಿ ಸಣ್ಣ ಗೆರೆ ಇಂಚಿನಲ್ಲಿ ಅರವತ್ತನಾಲ್ಕನೇ ಒಂದು. ಆ ಗೆರೆಗಳನ್ನು ಎಣಿಸಿ ಅರವತ್ತು ಮಿನಿಟಿನ ಲೆಕ್ಕಕ್ಕೆ ಇಳಿಸಿ ಬರೆಯುತ್ತಿದ್ದ.

"ಯಾರು ಕಲಿಸಿದ್ದು?"

"ನಮ್ಮಪ್ಪ. ಮಣ್ಣು ಮಟ್ಟ ಮಾಡೋ ಮೇಸ್ತ್ರಿಯಾಗಿದ್ರು. ಐವತ್ತೇಳಡಿ ಓಗು, ಒಂದಡಿ ಏರು, ಒಂದು ಡಿಗ್ರಿ ಅಂತಿದ್ರು. ಯಾವತ್ತೂ ತೆಪ್ಪಿಲ್ಲ."

"ಅವರು ಐದಾರು ಡಿಗ್ರಿ ದಾಟಿರಲಿಕ್ಕಿಲ್ಲ. ಪ್ರೊಟ್ರಾಕ್ಟರ್ ಯಾಕೆ ತಗೊಳ್ಳಲಿಲ್ಲ?"

"ಸ್ಟೋರ್ಸಿನದಾ? ಎಲ್ರೂ ಬಿಗೀತಾರೆ, ಎಲ್ರೂ ಬಿಚ್ತಾರೆ. ಅಲ್ಲಾಡ್ತದೆ. ಅದ್ನ ಎಂಗೆ ನಂಬ್ಲಿ?"

ಒಂದು ಕ್ಷಣ ನನ್ನ ಮಾತೇ ಬೇರೆಯವರ ಬಾಯಲ್ಲಿ ಕೇಳಿದಂತಾಯಿತು. ಅಲ್ಲಿದ್ದ ಚಾಕ್‌ಪೀಸಿನಿಂದ ಮೇಜಿನ ಮೇಲೆ ಗೆರೆ ಎಳೆದೆ. "ತೆಂಗಿನ ಮರದ ಹತ್ತಿರ ನಿಂತು ನೋಡಿ. ಬುಡದ ಒಂದು ಮೊಳ ದೊಡ್ಡದಾಗಿ ಕಾಣುತ್ತೆ. ಸುಳಿಯ ಹತ್ತಿರದ ಒಂದು ಮೊಳ ಚಿಕ್ಕದಾಗಿ ಕಾಣುತ್ತೆ. ಮೊಳ ಅದೇ. ಕಣ್ಣಿಂದ ದೂರ ಹೋಗಿರುತ್ತೆ ಅಷ್ಟೆ. ನಿಮ್ಮ ಇಂಚೂ ಹಾಗೇ. ಮೇಲೆ ಹೋದಂತೆ ಒಂದು ಇಂಚಿಗೆ ಒಂದು ಡಿಗ್ರಿ ಪೂರ್ತಿ ಸಿಗೋದಿಲ್ಲ."

ಆತ ಚಾಕಿನ ಗೆರೆಯನ್ನು ಬಹಳ ಹೊತ್ತು ನೋಡಿದ. ಚಹಾ ಆರಿತು. "ಅಂಗಾದ್ರೆ ಇಪ್ಪತ್ತು ಡಿಗ್ರಿಗೆ ಎಷ್ಟಿಂಚು ಏರ್ಬೇಕು ಮೇಡಂ?"

ಇಪ್ಪತ್ತೂ ಮುಕ್ಕಾಲು ಇಂಚು. ಲೆಕ್ಕ ನನ್ನ ತಲೆಯಲ್ಲಿತ್ತು. ಹೇಳಲಿಲ್ಲ. ಪರೀಕ್ಷೆಯಲ್ಲಿರುವ ಕೆಲಸಗಾರನಿಗೆ ಇನ್‌ಸ್ಪೆಕ್ಟರ್ ಅಳತೆ ಹೇಳಿಕೊಡುವುದು ಅಪರಾಧ. ಪಟ್ಟಿ ಹಿಡಿದು ಫೋರ್‌ಮನ್ ಕೋಣೆಗೆ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಒರೆಸಿದರು. "ಅವನು ಮೋಸಗಾರ ಅಂತ ಬರ್ದೋರೂ ನೀವೇ. ಅಲ್ಲ ಅನ್ನೋರೂ ನೀವೇ. ನಡುವೆ ಏನಾಯ್ತು?"

"ಲೆಕ್ಕ ಮಾಡಿದೆ."

"ಅವನ ಬೆಂಚಿನ ಹತ್ರ ನಿಂತು ಅರ್ಧ ಗಂಟೆ ಮಾತಾಡ್ತಿದ್ರಂತೆ."

"ಹನ್ನೆರಡು ನಿಮಿಷ."

"ಆಗಲೇ ಸುದ್ದಿ ಬಂದಿದೆ ನೋಡಿ ಮೇಡಂ. ಜನ ಏನೇನೋ ಅಂದ್ಕೋತಾರೆ. ನಿಮ್ಮ ಒಳ್ಳೇದಕ್ಕೆ ಹೇಳ್ತೀನಿ, ಪಟ್ಟಿ ಕೊಟ್ಟು ಸುಮ್ಮನಿದ್ದುಬಿಡಿ."

ಅನುಮಾನ ಅಳೆಯುವ ಕಡೆಯಲ್ಲಿ ಇಷ್ಟು ವರ್ಷ ನಿಂತವಳು, ಈಗ ಅಳೆಸಿಕೊಳ್ಳುವ ಕಡೆಗೆ ಬಂದಿದ್ದೆ. ಮೈ ಉರಿಯಿತು. ಆದರೆ ಕೂಗಾಡುವುದು ನನಗೆ ಬರುವುದಿಲ್ಲ. ಲಾಗ್ ಪುಸ್ತಕ ಅವರ ಮುಂದೆ ತೆರೆದಿಟ್ಟೆ. "ನೀವೇ ಭಾಗಿಸಿ ನೋಡಿ. ನನ್ನ ಮಾತು ಬೇಡ."

ಅವರು ತಮ್ಮ ಸ್ಲೈಡ್ ರೂಲ್ ತೆಗೆದರು. ಒಂದು ಸಲ ಮಾಡಿದರು, ಎರಡು ಸಲ ಮಾಡಿದರು. ನಾಲ್ಕನೆಯ ಐವತ್ತೇಳು ಬಂದ ಮೇಲೆ, "ಏನಂತೀರಿ ಈಗ?" ಎಂದರು.

ನಡೆದುಬರುವಾಗಲೇ ಯೋಚಿಸಿಟ್ಟಿದ್ದೆ. ಆತನಿಗೆ ಇನ್ನೊಂದು ಜಾಬು ಕೊಡಬೇಕು. ಕೋನವನ್ನು ಫೋರ್‌ಮನ್ನರೇ ಆರಿಸಬೇಕು, ಯಾರಿಗೂ ಮೊದಲೇ ಹೇಳಬಾರದು. ನಮ್ಮ ಕೋಣೆಯ ಒಂದು ಲಾಗ್ ಪುಸ್ತಕವನ್ನು ಬಿಲ್ಲೆ ಪಡೆದು ಆತನಿಗೆ ಕೊಡಬೇಕು, ಉಳಿದ ಸಲಕರಣೆ ಕೊಡುವಂತೆಯೇ. ಅಳೆಯುವುದು ನಾನೂ ಅಲ್ಲ, ನನ್ನ ಜೊತೆಯವರೂ ಅಲ್ಲ. ಬೇರೆ ವಿಭಾಗದ ಇಬ್ಬರು.

"ನೀವು ಯಾಕೆ ಅಳೆಯಬಾರದು?"

"ನನ್ನ ಮೇಲೆ ನಿಮಗೆ ಅನುಮಾನ ಇದೆಯಲ್ಲ."

ಅವರು ಇಲ್ಲ ಅನ್ನಲಿಲ್ಲ. ಒಪ್ಪಿದರು. ಸೋಮವಾರ ಹೊರಡಬೇಕಾದ ಕಾಗದ ಮೇಜಿನ ಖಾನೆಯಲ್ಲೇ ಉಳಿಯಿತು.

ಜೊತೆಯವರಿಗೆ ಎಲ್ಲ ಹೇಳಿದೆ. ಅವರು ಕೇಳಿದರು, "ಆ ಕವರು, ಗೋಂದು, ಅದು ನನಗೇ ಅಲ್ವಾ ಅಮ್ಮಾ?"

"ಹೌದು."

"ಎಷ್ಟು ದಿನ?"

"ಹದಿನೆಂಟು."

"ಅಯ್ಯೋ ನಿಮ್ಮ! ಹದಿನೆಂಟು ದಿನ ಎದುರಿಗೆ ಕೂತು ನನ್ನ ಚಟ್ನಿಪುಡಿ ತಿಂದ್ರಲ್ಲಮ್ಮಾ!" ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕು ಮುಗಿಸಿ, ಕಣ್ಣು ಒರೆಸಿಕೊಂಡು, ತಮ್ಮ ಜಾಬಿನ ಕಡೆ ತಿರುಗಿದರು. ಮರುದಿನ ಡಬ್ಬಿಯನ್ನು ನನ್ನ ಕಡೆ ತಳ್ಳಲು ಮರೆತರೋ ಏನೋ.

ನಾವಿಬ್ಬರೂ ಈಗ ಅಳೆಯುವವರಲ್ಲ. ಹಾಗಾಗಿ ಕೋಷ್ಟಕ ನೋಡುವುದನ್ನು ಆತನಿಗೆ ಯಾರು ಬೇಕಾದರೂ ಕಲಿಸಬಹುದಿತ್ತು. ಮಂಗಳವಾರದಿಂದ ಊಟದ ಬಿಡುವಿನಲ್ಲಿ ನಾನು ಪೆನ್ಸಿಲು ಚೂಪು ಮಾಡಿಟ್ಟುಕೊಂಡು ಕಾದೆ. ಆತ ನನ್ನ ಹತ್ತಿರ ಬರಲಿಲ್ಲ. ಬೇವಿನ ಮರದ ಕೆಳಗೆ ನನ್ನ ಜೊತೆಯವರ ಮುಂದೆ ಕೂತು ಪುಸ್ತಕದ ಮೇಲೆ ಬೆರಳು ಓಡಿಸುತ್ತಿದ್ದ. ನಮ್ಮ ಕೋಣೆಯ ಗಾಜಿನಿಂದ ಕಾಣುತ್ತಿತ್ತು. ಬೆರಳು ಮೊದಲು ಅಂಚಿನಿಂದ ಒಳಗೆ ಹೋಗುತ್ತಿತ್ತು. ಗುರುವಾರದ ಹೊತ್ತಿಗೆ ಒಳಗಿನಿಂದ ಅಂಚಿಗೆ ಬರತೊಡಗಿತು. ಎತ್ತರವನ್ನು ಐವತ್ತೇಳರಿಂದ ಭಾಗಿಸು, ಆ ಅಂಕಿ ಟ್ಯಾನಿನ ಕೋಷ್ಟಕದೊಳಗೆ ಎಲ್ಲಿದೆ ಹುಡುಕು, ಅಂಚಿಗೆ ಬಾ. ಬೇಕಾದದ್ದು ಅಷ್ಟೇ.

ಫೋರ್‌ಮನ್ ಕೊಟ್ಟ ಕೋನ ಹದಿನೇಳು ಡಿಗ್ರಿ ಇಪ್ಪತ್ತು ಮಿನಿಟು. ಜಾಬು ಐದು ದಿನದಲ್ಲಿ ಬಂತು. ಬೇರೆ ವಿಭಾಗದ ಇಬ್ಬರು ಬಂದು, ನಮ್ಮ ಬಾರಿನಲ್ಲೇ, ನಮ್ಮನ್ನು ಹೊರಗೆ ನಿಲ್ಲಿಸಿ ಅಳೆದರು. ಬಾಗಿಲ ಹೊರಗೆ ಸ್ವೆಟರು ಹಾಕಿಕೊಂಡು ಬಿಸಿಲಲ್ಲಿ ನಿಂತಿದ್ದೆ. ಆತ ದೂರದಲ್ಲಿ ನಿಂತಿದ್ದ. ಒಂದು ಚೀಟಿಯಲ್ಲಿ ಹದಿನೇಳು ಹತ್ತೊಂಬತ್ತು, ಇನ್ನೊಂದರಲ್ಲಿ ಹದಿನೇಳು ಹದಿನೆಂಟು. ಕಾರ್ಡು ತೆಗೆದು ನೋಡಿದರು. ಹದಿನೇಳು ಹತ್ತೊಂಬತ್ತು. ಹಸಿರು ಚೀಟಿ.

ಉಳಿದ ತಿಂಗಳುಗಳಲ್ಲಿ ಕೆಂಪು ಚೀಟಿ ಬೀಳಲಿಲ್ಲ. ಆತ ಪರ್ಮನೆಂಟ್ ಆದ. ಕಾಗದಗಳಿಗೆ ಸಹಿ ಹಾಕಲು ಕರೆಸಿದ ದಿನ ಆತನ ಮುಂದೆ ಇಡೀ ಫೈಲು ಇಟ್ಟಿದ್ದರಂತೆ. ಅದರೊಳಗೆ ನನ್ನ ಅರ್ಧ ಪುಟವೂ ಇತ್ತು. ಫೈಲಿಗೆ ಸೇರಿದ ಕಾಗದವನ್ನು ಕಿತ್ತು ಹಾಕುವಂತಿಲ್ಲ. ಅದರ ಕೆಳಗೆ, 'ಮೇಲಿನದು ನನ್ನ ತಪ್ಪು ತೀರ್ಮಾನ' ಎಂದು ಬರೆದು, ತಾರೀಖು ಹಾಕಿ, ಸಹಿ ಮಾಡಿದ್ದೆ.

ಆಮೇಲಿನ ಜಾಬುಗಳನ್ನು ಆತ ನನ್ನ ಜೊತೆಯವರು ಕಿಟಕಿಯಲ್ಲಿದ್ದಾಗಲೇ ತರುತ್ತಿದ್ದ. ಅವರು ರಜೆಯಲ್ಲಿದ್ದ ಒಂದು ದಿನ ಬೇರೆ ದಾರಿಯಿಲ್ಲದೆ ನನ್ನೆದುರು ನಿಲ್ಲಬೇಕಾಯಿತು. ನಾನೇ ಮಾತು ತೆಗೆದೆ.

"ಆ ನೋಟಿನ ಕೆಳಗೆ ತಪ್ಪು ಅಂತ ಬರೆದಿದ್ದೀನಿ. ನೋಡಿದ್ರಾ?"

"ನೋಡ್ದೆ ಮೇಡಂ. ಕೆಳ್ಗಿಂದೂ ಓದ್ದೆ, ಮ್ಯಾಲಿಂದೂ ಓದ್ದೆ."

"ಮೊದಲೇ ಕೇಳಿದ್ದೆನಲ್ಲ ನಾನು, ಇಪ್ಪತ್ತೊಂಬತ್ತು ಎಲ್ಲಿಂದ ಬಂತು ಅಂತ. ಆಗಲೇ ಹೇಳಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ."

ಆತ ಜಾಬನ್ನು ಕಿಟಕಿಯ ಕಟ್ಟೆಯ ಮೇಲೆ ಮೆಲ್ಲಗೆ ಇಟ್ಟ. "ನೀವು ಕೇಳ್ದಂಗೆ ಕೇಳಿದ್ರೆ ಯಾರ್ ಯೋಳ್ತಾರೆ ಮೇಡಂ?"

ಜಾಬು ಒಳಗೆ ತೆಗೆದುಕೊಂಡೆ. ಸಂಜೆ ಆತ ಬಂದಾಗ ಹಸಿರು ಚೀಟಿ ಅಂಟಿಸಿ ವಾಪಸ್ ಕೊಟ್ಟೆ. ಆತ ಕಾರ್ಡನ್ನು ಬೆಳಕಿಗೆ ಹಿಡಿದು, ನಾನು ಬರೆದ ಅಂಕಿಗಳನ್ನು ಒಂದೊಂದಾಗಿ ಓದಿ, ನನ್ನ ಸಹಿ ನೋಡಿ, ಇನ್ನೊಮ್ಮೆ ಅಂಕಿಗಳನ್ನು ಓದಿ, ಆಮೇಲೆ ಜಾಬು ಎತ್ತಿಕೊಂಡ.